ಐದು ಕಾಯಿಗೆ ಒಂದು ಕೈ

ನಬಿಲಾಲ ಲಿಂಬೆಕಾಯಿ ಎಣಿಸುವವನು. ಹೊರ್ತಿಯ ಸುತ್ತಲಿನ ತೋಟಗಳಲ್ಲಿ ಕಾಯಿ ಹರಿದು ರಾಶಿ ಹಾಕಿದರೆ ಅವನಿಗೆ ಫೋನು ಬರುತ್ತಿತ್ತು. ಹೋಗಿ ರಾಶಿಯ ಮುಂದೆ ಕೂತನೆಂದರೆ ಮುಗಿಯುವ ತನಕ ಏಳುತ್ತಿರಲಿಲ್ಲ. ಬಲಗೈಗೆ ಮೂರು, ಎಡಗೈಗೆ ಎರಡು, ಒಟ್ಟಿಗೆ ಐದು ಕಾಯಿ ಎತ್ತಿ ಚೀಲಕ್ಕೆ ಹಾಕುವುದು. ಅದು ಒಂದು ಕೈ. ಇನ್ನೂರು ಕೈ ಆದರೆ ಸಾವಿರ ಕಾಯಿ, ಚೀಲದ ಬಾಯಿ ಹೊಲಿಯಬಹುದು. ಮೊದಲನೇ ಕೈಗೆ ಅವನು ಒಂದು ಅನ್ನುತ್ತಿರಲಿಲ್ಲ. ಲಾಭ ಅನ್ನುತ್ತಿದ್ದ. ಅವನ ಅಪ್ಪನೂ ಹಾಗೆಯೇ ಅಂದವನು. ಕಣದಲ್ಲಿ ಜೋಳ ಅಳೆಯುವವರೂ ಹಾಗೆಯೇ ಅನ್ನುತ್ತಾರೆ. ರಾಶಿಯ ಮುಂದೆ ಕೂತು ಒಂದು ಅಂದರೆ ರಾಶಿ ಒಂದಕ್ಕೇ ನಿಂತೀತು ಎಂಬ ಅಂಜಿಕೆ. ಹಾಗಾಗಿ ಲಾಭ, ಎರಡು, ಮೂರು, ನಾಕು. ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ಅವನು ಕಲಿತದ್ದು ಮೂರನೇ ಇಯತ್ತೆ. ಆದರೆ ಎಣಿಕೆಯಲ್ಲಿ ಅವನು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ನಜಮಾ ರೊಟ್ಟಿ ಗಂಟು ತೆಗೆದುಕೊಂಡು ತೋಟಕ್ಕೆ ಹೋಗಿದ್ದಳು. ಊಟಕ್ಕೆ ಏಳು ಅಂದಳು. ಅವನು ಎಂಬತ್ತಾರು ಅಂದ. ಸಂಜೆಗೆ ಏನು ಪಲ್ಯ ಮಾಡಲಿ ಅಂತ ಕೇಳಿದಳು. ಎಂಬತ್ತೇಳು ಅಂದ. ಸುತ್ತ ಇದ್ದ ಹೆಣ್ಣುಮಕ್ಕಳು ನಕ್ಕರು. ನಜಮಾಳಿಗೆ ಸಿಟ್ಟು ಬಂತು, ಗಂಟು ಅಲ್ಲೇ ಇಟ್ಟು ಹೊರಟಳು. ನೂರು ಮುಗಿದ ಮೇಲೆ ಅವನು ಗುರುತಿಗೆ ಒಂದು ಕಾಯಿ ಪಕ್ಕಕ್ಕಿಟ್ಟು, ಅವಳ ಬೆನ್ನಿಗೆ ಕೂಗಿ ಬದನೆಕಾಯಿ ಅಂದ.

ಏಳು ವರ್ಷದ ಮೇಲೆ ಒಬ್ಬಳೇ ಮಗಳು ಹುಟ್ಟಿದಳು, ಹುಮಾ. ನಾಲ್ಕು ತುಂಬುವ ಮೊದಲೇ ಅವಳು ಅಪ್ಪನ ಜೊತೆ ರಾಶಿಗೆ ಹೋಗತೊಡಗಿದಳು. ಅವಳ ಒಂದು ಅಂಗೈಗೆ ಒಂದೇ ಕಾಯಿ ಹಿಡಿಯುತ್ತಿತ್ತು. ಅದಕ್ಕೆ ನಬಿಲಾಲ ಅವಳಿಗೆ ಕಣ್ಣಲ್ಲಿ ಎಣಿಸುವುದನ್ನು ಕಲಿಸಿದ. ನೆಲದ ಮೇಲೆ ಕಾಯಿ ಚೆಲ್ಲುವನು, ಉಸಿರು ಎಳೆದು ಬಿಡುವಷ್ಟು ಹೊತ್ತು ಬಿಟ್ಟು ಮೇಲೆ ಟವೆಲ್ ಮುಚ್ಚುವನು. ಎಷ್ಟು ಕೈ ಅನ್ನುವನು. ಮೂರು ಅನ್ನುವಳು. ಟವೆಲ್ ತೆಗೆದರೆ ಹದಿನೈದು ಕಾಯಿ ಇರುತ್ತಿದ್ದವು. ಕೈ ತುಂಬದೆ ಉಳಿದವಕ್ಕೆ ಬಿಡಿ ಅನ್ನಬೇಕು. ಹದಿನೇಳಿದ್ದರೆ ಮೂರು, ಬಿಡಿ ಎರಡು. ಅವಳು ಸರಿಯಾಗಿ ಹೇಳಿದರೆ ಅವನು ಹೊಗಳುತ್ತಿರಲಿಲ್ಲ. ಮತ್ತೆ ಕಾಯಿ ಚೆಲ್ಲುತ್ತಿದ್ದ. ಅವಳಿಗೆ ಅದೇ ಬೇಕಾಗಿತ್ತು.

ಕಳೆದ ಮಾರ್ಚಿನಲ್ಲಿ, ಬಿಸಿಲು ಏರುವ ಹೊತ್ತಿಗೆ, ನಬಿಲಾಲ ಒಂದು ತೋಟದಲ್ಲಿ ರಾಶಿಯ ಮೇಲೆಯೇ ಮುಂದಕ್ಕೆ ಬಿದ್ದ. ಮೂವತ್ತೆಂಟು ವರ್ಷ. ಇಂಡಿ ಪೇಟೆಯ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಎಷ್ಟನೇ ಕೈಗೆ ಬಿದ್ದ ಎಂದು ಯಾರಿಗೂ ತಿಳಿಯಲಿಲ್ಲ. ಆ ಚೀಲವನ್ನು ಸುರುವಿ ಮೊದಲಿಂದ ಎಣಿಸಿದರಂತೆ.

ಹೆಣ ಮನೆಗೆ ಬರುವ ಮೊದಲೇ ಹುಮಾಳನ್ನು ಲಚ್ಯಾಣದಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದರು. ನಾಲ್ಕು ದಿನದ ಮೇಲೆ ಕರೆತಂದರು. ಅಬ್ಬಾ ಎಲ್ಲಿ ಅಂತ ಕೇಳಿದ್ದಕ್ಕೆ ನಬಿಲಾಲನ ತಾಯಿ ಬಾನುಬಿ, ಲಿಂಬೆಕಾಯಿ ಲಾರಿಯಲ್ಲಿ ಬೊಂಬೈಗೆ ಹೋಗಿದ್ದಾನೆ ಅಂದಳು. ಹೆತ್ತ ಮಗನನ್ನು ಮಣ್ಣಿಗೆ ಕೊಟ್ಟ ಮುದುಕಿ. ಸತ್ತ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ, ಇದು ಬಂತು. ನಜಮಾ ಗಂಡ ಸತ್ತವರ ಇದ್ದತ್ತಿಗೆ ಕೂತಿದ್ದಳು, ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿನ ಕೋಣೆಯಿಂದ ಅತ್ತೆಯ ಮಾತು ಕೇಳಿದಳು. ಅಲ್ಲ ಅನ್ನಲು ಅವಳಲ್ಲಿ ತ್ರಾಣ ಇರಲಿಲ್ಲ. ಮುಂದಿನ ವಾರ ಹುಡುಗಿ ಮತ್ತೆ ಕೇಳಿದಳು. ರಾಶಿ ದೊಡ್ಡದಿದೆ, ಎಣಿಸುವುದು ಮುಗಿದಿಲ್ಲ ಅಂದರು. ಮೂರನೇ ವಾರ ಅವಳು ಕೇಳಲಿಲ್ಲ. ಆಮೇಲೆ ಯಾವುದನ್ನೂ ಕೇಳಲಿಲ್ಲ. ಅನ್ನ ಬೇಕಾದರೆ ತಾಟು ತಂದು ಮುಂದೆ ಇಡುವಳು. ಬೇಡವಾದರೆ ತಲೆ ಅಲ್ಲಾಡಿಸುವಳು. ಮನೆಗೆ ಬಂದವರು ಅವಳನ್ನು ನೋಡಿ ಸೆರಗು ಬಾಯಿಗೆ ಒತ್ತುತ್ತಿದ್ದರು. ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಜೂನಿನಲ್ಲಿ ಅವಳನ್ನು ವಸ್ತಿಯ ಶಾಲೆಗೆ ಒಂದನೇ ಇಯತ್ತೆಗೆ ಹಾಕಿದರು. ಐದು ಇಯತ್ತೆಗೆ ಒಬ್ಬರೇ ಅಕ್ಕೋರು, ಸಿಂದಗಿ ಕಡೆಯ ಸುರೇಖಾ. ಆ ವರ್ಷ ಯಾವುದೋ ಸಂಸ್ಥೆಯವರು ಶಾಲೆಗೆ ಆರು ಟ್ಯಾಬು ಕೊಟ್ಟಿದ್ದರು. ಅದರೊಳಗೆ ಕೃತಕ ಬುದ್ಧಿ ಇದೆ, ಪ್ರತಿ ಮಗುವನ್ನೂ ಬೇರೆ ಬೇರೆಯಾಗಿ ಕೇಳಿ, ಅವರವರ ಅಳತೆಗೆ ಪಾಠ ಹೇಳುತ್ತದೆ ಎಂದು ಹೇಳಿ ಹೋಗಿದ್ದರು. ಒಳಗಿಂದ ಒಂದು ಹೆಣ್ಣುದನಿ ಬರುತ್ತಿತ್ತು. ಹುಡುಗರು ಅದಕ್ಕೆ ಡಬ್ಬಿ ಅಕ್ಕೋರು ಎಂದು ಹೆಸರಿಟ್ಟರು. ನನಗಿಂತ ಅದಕ್ಕೆ ತಾಳ್ಮೆ ಹೆಚ್ಚು ಎಂದು ಸುರೇಖಾ ಅಕ್ಕೋರು ತಾವೇ ನಗುತ್ತಿದ್ದರು. ಸುಳ್ಳಲ್ಲ. ನಾಲ್ಕನೇ ಇಯತ್ತೆಗೆ ಬಂದರೂ ಅಕ್ಷರ ಕೂಡಿಸಲು ಬಾರದ ಮೂವರು ದೀಪಾವಳಿಯ ಹೊತ್ತಿಗೆ ಓದತೊಡಗಿದ್ದರು.

ಇದ್ದತ್ತು ಮುಗಿದ ಮೇಲೆ ನಜಮಾ ಕಾಯಿ ಆರಿಸುವ ಶೆಡ್ಡಿಗೆ ಕೂಲಿಗೆ ಹೋಗತೊಡಗಿದಳು. ನವೆಂಬರಿನಲ್ಲಿ ಒಂದು ಸಂಜೆ ಅವಳು ಮನೆಗೆ ಬಂದಾಗ ಸುರೇಖಾ ಅಕ್ಕೋರು ಅಂಗಳದಲ್ಲಿ ಕೂತಿದ್ದರು. ಇಂಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಮೈದುನ ಮಹಮ್ಮದಹನೀಫನೂ ತಾಯಿಯನ್ನು ನೋಡಲು ಬಂದಿದ್ದ. ಅಕ್ಕೋರು ಚಹಾ ಬೇಡ ಅಂದರು, ಆಮೇಲೆ ಕುಡಿದರು. ನಿಧಾನಕ್ಕೆ ವಿಷಯ ಹೇಳಿದರು. ಟ್ಯಾಬು ಮೂರು ಶನಿವಾರ ಮಕ್ಕಳ ಪರೀಕ್ಷೆ ಮಾಡುತ್ತದೆ. ಇಪ್ಪತ್ತರ ತನಕ ಎಣಿಸಲು ಬಂದರೆ ಸಾಕು. ಹುಮಾ ಎರಡು ಶನಿವಾರ ತಪ್ಪಿದ್ದಾಳೆ. ಮೂರನೆಯದೂ ತಪ್ಪಿದರೆ ಹೆಸರು ತಾನಾಗಿ ಮೇಲಿನ ಆಫೀಸಿಗೆ ಹೋಗುತ್ತದೆ. ಆಮೇಲೆ ವಿಜಯಪುರಕ್ಕೆ ಕರೆದುಕೊಂಡು ಹೋಗಿ ಬುದ್ಧಿ ಬೆಳೆದಿದೆಯೋ ಇಲ್ಲವೋ ಡಾಕ್ಟರಿಗೆ ತೋರಿಸಬೇಕು.

ಬಾನುಬಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಅಣ್ಣನ ಮಗಳ ಮೇಲೆ ಮಹಮ್ಮದಹನೀಫನಿಗೆ ಜೀವ.

"ಭಾಬಿ, ತಲಿ ನಡಿಯೂದಿಲ್ಲಂತ ಒಮ್ಮೆ ಕಾಗದದ ಮ್ಯಾಲ ಬಂತಂದ್ರ ಜನಮ ಪೂರ್ತಿ ಅಂಟಕೊಂತೈತಿ," ಅಂದ. "ನಾಳೆ ಲಗ್ನದ ಹೊತ್ತಿನ್ಯಾಗೂ ಯಾರರ ತಗದ ತೋರಸ್ತಾರ. ಸಾಲಿ ಬಿಡಸ್ರಿ. ಮನ್ಯಾಗ ಇರ್ಲಿ. ನಾ ನೋಡ್ಕೋತೇನಿ."

ಅಕ್ಕೋರು ಹಾಗೆ ಮಾಡಬೇಡಿ ಅಂದರು. ಎದ್ದು ಹೊರಡುವಾಗ ನಜಮಾಳನ್ನು ಬೇಲಿಯ ತನಕ ಕರೆದೊಯ್ದರು.

"ಒಂದ ಮಾತ ಹೇಳ್ತೇನಿ, ಮನಸಿಗೆ ಹಚಗೋಬ್ಯಾಡ," ಅಂದರು. "ನನ್ನ ಮುಂದ ಇಕಿ ಇನ್ನೂ ಒಂದ ಶಬ್ದ ಆಡಿಲ್ಲ. ಅದರ ಮುಂದ ಆಡ್ತಾಳ. ತಪ್ಪ ಹೇಳ್ತಾಳ ಖರೆ, ಆದ್ರ ಬಾಯಿ ಬಿಡ್ತಾಳ."

ನಜಮಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಮನೆಯಲ್ಲಿ ಎರಡು ಜೀವ ಹುಮಾಳ ಒಂದು ಮಾತಿಗೆ ಕಾಯುತ್ತಿದ್ದವು. ಆ ಹುಡುಗಿ ಹೋಗಿ ಒಂದು ಗಾಜಿನ ಹಲಗೆಯ ಮುಂದೆ ಮಾತಾಡುತ್ತಿದ್ದಳು. ರೊಟ್ಟಿ ಬಡಿಯುವಾಗ, ಶೆಡ್ಡಿನಲ್ಲಿ ಕೊಳೆತ ಕಾಯಿ ತೆಗೆಯುವಾಗ ಅದೇ ಯೋಚನೆ. ಅದಕ್ಕೆ ಏನಿದೆ, ನನ್ನಲ್ಲಿ ಇಲ್ಲದ್ದು? ಎರಡು ದಿನದ ಮೇಲೆ ಹೊಳೆಯಿತು. ಅದಕ್ಕೆ ಮುಖ ಇಲ್ಲ. ಹುಡುಗಿಯನ್ನು ನೋಡಿ ಬಾಡುವ ಮುಖ, ಮರೆಯಲ್ಲಿ ಕಣ್ಣು ಒರೆಸಿಕೊಳ್ಳುವ ಮುಖ, ಅದಕ್ಕೆ ಇಲ್ಲ. ಅವಳ ಅಪ್ಪ ಸತ್ತದ್ದು ಊರಿಗೆಲ್ಲ ಗೊತ್ತು, ಅದೊಂದಕ್ಕೆ ಗೊತ್ತಿಲ್ಲ.

ಶನಿವಾರ ಮುಂಜಾನೆಯ ಶಾಲೆ. ನಜಮಾ ಶೆಡ್ಡಿಗೆ ಹೋಗಲಿಲ್ಲ, ಮಗಳ ಕೈ ಹಿಡಿದು ಶಾಲೆಗೆ ಬಂದಳು. ಅಕ್ಕೋರು ಒಳಗೆ ಕೂರಲು ಹೇಳಿದರು. ಮಗಳ ಬೆನ್ನ ಹಿಂದೆ, ಗೋಡೆಗೆ ಒರಗಿ ಕೂತಳು. ಅವಳು ಹಿಂದೆ ಇದ್ದಾಳೆ ಎಂಬುದನ್ನು ಹುಮಾ ಮರೆತೇಬಿಟ್ಟಳು. ಟ್ಯಾಬು ಹತ್ತಿತು.

ಮೊದಲು ಐದು ಮಾವಿನಕಾಯಿ ಬಂದವು. ಎಷ್ಟಿವೆ ಅಂತ ದನಿ ಕೇಳಿತು. ಹುಮಾ ಲಾಭ ಅಂದಳು.

ನಜಮಾ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. ಮಗಳ ದನಿಯನ್ನು ಕೇಳಿ ಎಂಟು ತಿಂಗಳಾಗಿತ್ತು. ಸ್ವಲ್ಪ ಒಡಕಾಗಿತ್ತು, ದಪ್ಪ ಆಗಿತ್ತು. ಟ್ಯಾಬು, ಪರವಾಗಿಲ್ಲ, ಮುಂದಿನದು ನೋಡೋಣ ಅಂದಿತು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು. ಎರಡನೆಯ ಸಲ ಎರಡು ಸಾಲು ಕಾಯಿ ಬಂದವು. ನಜಮಾಳ ಕಣ್ಣು ಎರಡು ಅಂದಿತು. ಹುಮಾ ಕೂಡ ಎರಡು ಅಂದಳು. ಮತ್ತೆ ಕೆಂಪು ಚುಕ್ಕೆ. ಯಂತ್ರ ಕೆಟ್ಟಿದೆ ಅಂದುಕೊಂಡಳು ನಜಮಾ. ಮೂರನೆಯದಕ್ಕೆ ಹುಮಾ ಎರಡು, ಬಿಡಿ ಎರಡು ಅಂದಳು. ಕೆಂಪು. ಮುಂದಿನದಕ್ಕೆ ನಾಕು ಅಂದಳು. ಕೆಂಪು. ಆಗ ನಜಮಾ ಪರದೆಯ ಮೇಲಿದ್ದ ಕಾಯಿಗಳನ್ನು ಒಂದೊಂದಾಗಿ, ತಾನು ಎರಡನೇ ಇಯತ್ತೆಯಲ್ಲಿ ಕಲಿತಂತೆ, ಬೆರಳು ಮಡಚಿ ಎಣಿಸಿದಳು. ಇಪ್ಪತ್ತಿದ್ದವು.

ಹನ್ನೆರಡು ವರ್ಷ ಎಣಿಸುವವನ ಜೊತೆ ಬಾಳಿದವಳು. ಕೈ ಲೆಕ್ಕ ಅವಳ ಕಣ್ಣಿಗೇ ಇಳಿದಿತ್ತು. ಬೇರೆ ಜಗತ್ತು ಬಿಡಿಬಿಡಿಯಾಗಿ ಎಣಿಸುತ್ತದೆ ಎಂಬುದು ಅವಳಿಗೂ ತಟ್ಟನೆ ನೆನಪಾಗಿರಲಿಲ್ಲ.

ಪರೀಕ್ಷೆ ಮುಗಿಯಿತು. ಅಕ್ಕೋರು ಪರದೆ ನೋಡಿ ಉಸಿರುಬಿಟ್ಟರು. ನಜಮಾ ಎದ್ದು ಬಂದಳು.

"ಅಕ್ಕೋರ, ಆಕಿ ತಪ್ಪ ಹೇಳಿಲ್ರಿ," ಅಂದಳು. "ಕೈ ಎಣಸ್ಯಾಳ್ರಿ. ಐದಕ್ಕ ಒಂದ ಕೈ."

ಅಕ್ಕೋರಿಗೆ ತಿಳಿಯಲಿಲ್ಲ. ಮೂಲೆಯಲ್ಲಿ ಲೆಕ್ಕ ಕಲಿಸಲು ಹುಣಸೆಬೀಜದ ಡಬ್ಬಿ ಇತ್ತು. ನಜಮಾ ಅದನ್ನು ನೆಲದ ಮೇಲೆ ಸುರುವಿ ಒಂದಷ್ಟು ಬೀಜ ಎಳೆದುಕೊಂಡಳು. ಬಲಗೈಗೆ ಮೂರು, ಎಡಗೈಗೆ ಎರಡು, ಲಾಭ. ಮತ್ತೆ ಮೂರು, ಎರಡು. ನಾಲ್ಕು ಸಲ ಹಾಕಿದಳು. ಆಮೇಲೆ ಮೂರು ಬಿಡಿ ಬೀಜ ಮೇಲೆ ಇಟ್ಟು ಸೆರಗು ಮುಚ್ಚಿ ಮಗಳ ಕಡೆ ನೋಡಿದಳು. ಹುಮಾ ಬಾಯಿ ಬಿಡಲಿಲ್ಲ. ನಾಲ್ಕು ಬೆರಳು ತೋರಿಸಿದಳು, ಮಡಚಿದಳು, ಆಮೇಲೆ ಮೂರು.

ಸುರೇಖಾ ಅಕ್ಕೋರು ಬೀಜದ ಮುಂದೆ ನೆಲಕ್ಕೆ ಕೂತರು. ತಾವೂ ಒಂದು ಸಲ ಎಣಿಸಿ ನೋಡಿದರು.

"ಹದಿನಾರ ವರ್ಷ ಆತು ನಾ ಕಲಸಾಕತ್ತಿ," ಅಂದರು. "ಅದು ಎಷ್ಟಂತ ಕೇಳೂದಕ್ಕಷ್ಟ ಹಚ್ಚಿದ್ದ ಯಂತ್ರ. ನಾನರ ಹ್ಯಾಂಗ ಎಣಿಸಿದೀ ಅಂತ ಕೇಳಬೇಕಾಗಿತ್ತಿಲ್ಲೋ."

ಶಾಲೆ ಬಿಡುವ ಮೊದಲು ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲು ಬರುತ್ತಿತ್ತು. ಅದಕ್ಕೆ ಮುಂಚೆ ಅಕ್ಕೋರು ಟ್ಯಾಬಿನಲ್ಲಿ ಬೇರೆ ಏನೋ ಒತ್ತಿದರು. ಮಗುವಿನ ಜೊತೆ ಅದು ಮಾತಾಡುತ್ತ ಕೂರುವ ಭಾಗವಂತೆ. ಚಿಕ್ಕ ಮಕ್ಕಳು ಹರಟೆಯಲ್ಲೇ ಹೊತ್ತು ಕಳೆಯುತ್ತಾರೆಂದು ಒಂದನೇ ಇಯತ್ತೆಗೆ ಅವರು ಅದನ್ನು ತೆರೆದಿರಲಿಲ್ಲ. ನೀನು ಎಣಿಸಿದ್ದು ಹ್ಯಾಗೆ ಅಂತ ಅದಕ್ಕೆ ಹೇಳು ಅಂದರು. ಹುಮಾ ಇಬ್ಬರ ಮುಖವನ್ನೂ ನೋಡಿ ತುಟಿ ಬಿಗಿದುಕೊಂಡಳು. ಅಕ್ಕೋರಿಗೆ ಅರ್ಥವಾಯಿತು. ನಜಮಾಳನ್ನು ಕರೆದುಕೊಂಡು ಹೊರಗೆ ಬಂದರು. ಇಬ್ಬರೂ ಕಿಟಕಿಯ ಕೆಳಗೆ, ಹುಡುಗಿಗೆ ಕಾಣದಂತೆ ನಿಂತರು.

ಟ್ಯಾಬು ಪುಸ್ತಕದ ಕನ್ನಡದಲ್ಲಿ ಕೇಳಿತು. ಹತ್ತು ಕಾಯಿಗೆ ನೀನು ಎರಡು ಅಂದೆ, ಹೇಗೆ ಎಣಿಸಿದೆ ಎಂದು ನನಗೆ ಕಲಿಸುತ್ತೀಯಾ ಅಂದಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಅದು ಕಾಯಿತು. ಆಮೇಲೆ ಹುಮಾಳ ದನಿ ಬಂತು. ಮೊದಲು ಒಂದೊಂದೇ ಮಾತು, ಆಮೇಲೆ ನಲ್ಲಿ ಬಿಟ್ಟ ಹಾಗೆ. ಒಂದು ಕೈಗೆ ಐದು. ಮೊದಲನೇ ಕೈಗೆ ಒಂದು ಅನ್ನಬಾರದು. ಉಳಿದವು ಬಿಡಿ. ಇನ್ನೂರು ಕೈ ಆದರೆ ಚೀಲ ಹೊಲಿಯಬೇಕು. ನಡುವೆ ಯಾರು ಮಾತಾಡಿಸಿದರೂ ಮಾತಾಡಬಾರದು. ಹಾಗಾದರೆ ಇಪ್ಪತ್ತೆಂಟು ಕಾಯಿ ಇದ್ದರೆ ಎಂದು ಕೇಳಿತು ಅದು. ಐದು ಕೈ, ಬಿಡಿ ಮೂರು ಅಂದಳು, ಕೇಳಿ ಮುಗಿಯುವುದರೊಳಗೆ. ಸುರೇಖಾ ಅಕ್ಕೋರು ಕಣ್ಣು ಅಗಲಿಸಿ ನಜಮಾಳ ಮುಂಗೈ ಹಿಡಿದರು.

ಇದನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿತು ಟ್ಯಾಬು. ಅಬ್ಬಾ ಅಂದಳು. ನಿನ್ನ ಅಬ್ಬಾ ತುಂಬ ಚೆನ್ನಾಗಿ ಕಲಿಸಿದ್ದಾರೆ, ಇವತ್ತು ಮನೆಗೆ ಹೋದ ಮೇಲೆ ಅವರಿಗೆ ಇದನ್ನು ಹೇಳು ಅಂದಿತು.

ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಒದರುತ್ತಿದ್ದರು.

"ಅಬ್ಬಾ ಸತ್ತಾನ," ಅಂದಳು ಹುಮಾ. ಮತ್ತೆ ಅಂದಳು. "ಅಮ್ಮಿಗೆ ಗೊತ್ತಿಲ್ಲ. ಬೊಂಬೈಗೆ ಹೋಗ್ಯಾನಂತ ತಿಳಕೊಂಡಾಳ. ನೀ ಆಕಿಗೆ ಹೇಳಬ್ಯಾಡ."

ನನಗೆ ತುಂಬ ಬೇಸರವಾಯಿತು ಹುಮಾ, ನನಗೆ ಗೊತ್ತಿರಲಿಲ್ಲ, ಅಂದಿತು ಅದು. ಅಮ್ಮಿಯ ಹತ್ತಿರವೇ ಇದನ್ನು ಮಾತಾಡಬಹುದಲ್ಲ ಅಂದಿತು.

"ಅಳ್ತಾಳ," ಅಂದಳು ಹುಮಾ.

ಅಕ್ಕೋರು ಹಿಡಿದಿದ್ದ ಮುಂಗೈ ಬಿಟ್ಟರು. ನಜಮಾ ಒಳಗೆ ಹೋದಳು. ಹೇಗೆ ಹೋದಳು, ಚಪ್ಪಲಿ ಬಿಟ್ಟಳೋ ಇಲ್ಲವೋ, ಆಮೇಲೆ ಅವಳಿಗೆ ನೆನಪಿರಲಿಲ್ಲ. ಮಗಳ ಮುಂದೆ ಕೂತಳು. ಹುಮಾ ಗಾಬರಿಯಾಗಿ ಟ್ಯಾಬನ್ನು ಲಂಗದ ಕೆಳಗೆ ಸರಿಸಿದಳು. ಯಾರನ್ನೋ ಕಾಪಾಡುವವಳ ಹಾಗೆ.

"ನನಗ ಗೊತ್ತೈತಿ," ಅಂದಳು ನಜಮಾ.

ಹುಡುಗಿ ನಂಬಲಿಲ್ಲ. ತಾಯಿಯ ಮುಖ ನೋಡಿದಳು.

"ಮೊದಲನೇ ದಿನದಿಂದ ಗೊತ್ತೈತಿ. ನಿನಗ ಹೇಳ್ಲಿಲ್ಲ. ನಂದ ತಪ್ಪು. ನಿನಗ ಯಾರ ಹೇಳಿದ್ರವ್ವಾ?"

"ಯಾರೂ ಹೇಳಿಲ್ಲ. ಅಬ್ಬಾನ ಫೋನ ಮನ್ಯಾಗ ಐತಿ. ಫೋನ ಬಿಟ್ಟ ಯಾರ ಬೊಂಬೈಗೆ ಹೋಗ್ತಾರ?"

ನಜಮಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಹುಮಾ ತನ್ನ ಪುಟ್ಟ ಅಂಗೈಯಿಂದ ತಾಯಿಯ ಕೆನ್ನೆ ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಅಳುವೂ ಒಡೆಯಿತು. ಎಂಟು ತಿಂಗಳದ್ದು ಒಮ್ಮೆಗೇ ಬಂತು. ಮಕ್ಕಳು ಬಾಗಿಲಲ್ಲಿ ಗುಂಪಾದರು. ಅಕ್ಕೋರು ಅವರನ್ನು ಬೈದು ಮೈದಾನಕ್ಕೆ ಕಳಿಸಿದರು, ಆಮೇಲೆ ಟ್ಯಾಬನ್ನು ಹುಡುಗಿಯ ಲಂಗದ ಕೆಳಗಿಂದ ಮೆಲ್ಲಗೆ ತೆಗೆದರು. ಅದು ಏನೋ ಕೇಳುತ್ತಲೇ ಇತ್ತು. ಅದರ ದನಿ ಸಣ್ಣ ಮಾಡಿದರು.

ಹನ್ನೊಂದೂಕಾಲಿಗೆ ಅಕ್ಕೋರು ಪರೀಕ್ಷೆಯನ್ನು ಮತ್ತೆ ತೆರೆದರು. ಈ ಯಂತ್ರಕ್ಕೆ ಬಿಡಿ ಲೆಕ್ಕ ಹೇಳು, ಕೈ ಲೆಕ್ಕ ನನಗೆ ಹೇಳು ಅಂತ ಹುಮಾಳಿಗೆ ತಿಳಿಸಿದರು. ಹುಮಾ ಮೂಗು ಸೇದುತ್ತ ಹೇಳಿದಳು. ಐದು, ಹತ್ತು, ಹನ್ನೆರಡು, ಇಪ್ಪತ್ತು. ಹದಿನಾರಕ್ಕೆ ಅವಸರ ಮಾಡಿ ಹದಿನೈದು ಅಂದಳು, ಅದೊಂದು ಕೆಂಪಾಯಿತು. ಉಳಿದವೆಲ್ಲ ಹಸಿರು. ಹೆಸರು ಮೇಲೆ ಹೋಗಲಿಲ್ಲ. ಸುರೇಖಾ ಅಕ್ಕೋರು ಒಂದು ಹಾಳೆಯಲ್ಲಿ ತಮ್ಮ ಕೈಯಿಂದ ಏನೋ ಬರೆದು ಆ ಸಂಸ್ಥೆಯವರಿಗೆ ಫೋಟೋ ಕಳಿಸಿದರು. ಈ ಕಡೆಯ ಮಕ್ಕಳು ಕೈ ಲೆಕ್ಕದಲ್ಲೂ ಎಣಿಸುತ್ತಾರೆ, ತಪ್ಪು ಎನ್ನುವ ಮೊದಲು ಹೇಗೆ ಎಂದು ಕೇಳಬೇಕು ಎಂದು ಬರೆದೆ ಅಂದರು. ಅವರು ಓದುತ್ತಾರೋ ಇಲ್ಲವೋ ಎಂದೂ ಅಂದರು.

ಶಾಲೆಯಿಂದ ಮನೆಗೆ ಒಂದು ಕಿಲೋಮೀಟರು ದಾರಿ. ಹುಮಾ ದಾರಿಯುದ್ದಕ್ಕೂ ಕೇಳಿದಳು. ಅಬ್ಬಾನಿಗೆ ನೀರು ಹಾಕಿದವರು ಯಾರು, ಅವನ ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಮಣ್ಣಿನೊಳಗೆ ಸೆಕೆ ಆಗುವುದಿಲ್ಲವೇ, ನೀನೂ ಸಾಯುತ್ತೀಯಾ. ನಜಮಾ ಒಂದಕ್ಕೂ ಸುಳ್ಳು ಹೇಳಲಿಲ್ಲ. ಗೊತ್ತಿದ್ದಕ್ಕೆ ಗೊತ್ತು ಅಂದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ನಾನೂ ಸಾಯುತ್ತೇನೆ, ಈಗಲ್ಲ, ನಿನ್ನನ್ನು ದೊಡ್ಡವಳು ಮಾಡಬೇಕು ಅಂದಳು. ಡಬ್ಬಿ ಅಕ್ಕೋರಿಗೆ ಅಷ್ಟು ಹೇಳಿದೆ, ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಉತ್ತರ ಅವಳಿಗೆ ಆಗಲೇ ಸಿಕ್ಕಿತ್ತು.

ದಾರಿಯಲ್ಲೇ ಮಹಮ್ಮದಹನೀಫನ ಫೋನು ಬಂತು. ಏನಾಯಿತು ಅಂದ. ನಜಮಾ ಹೇಳಿದಳು. ಶಾಲೆ ಬಿಡಿಸುವುದಿಲ್ಲ ಅಂತಲೂ ಹೇಳಿದಳು. ಅವನು, ಅಣ್ಣ ಇದ್ದಿದ್ದರೆ ಅವಳನ್ನು ಇಂಡಿ ತನಕ ಹೆಗಲ ಮೇಲೆ ಹೊತ್ತು ತರುತ್ತಿದ್ದ ಅಂದ. ಫೋನು ಮಗಳ ಕೈಗೆ ಕೊಟ್ಟಳು. ಹುಮಾ ಚಾಚಾ ಅಂದಳು. ಆ ಕಡೆ ಗ್ಯಾರೇಜಿನ ಸದ್ದು ಒಮ್ಮೆಗೇ ನಿಂತಿತು.

ಮನೆಯಲ್ಲಿ ಬಾನುಬಿ ಒಲೆಯ ಮುಂದೆ ಕೂತಿದ್ದಳು. ಹುಮಾ ನೇರ ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟಳು. ಗುಟ್ಟು ಹೇಳಲು ಹೋದವಳು, ಆದರೆ ಅಂಗಳದ ತನಕ ಕೇಳಿತು.

"ದಾದಿ, ಅಮ್ಮಿಗೆ ಎಲ್ಲಾ ಗೊತ್ತೈತಂತ. ನೀ ಇನ್ನ ಬೊಂಬೈ ಸುಳ್ಳ ಹೇಳಬ್ಯಾಡ."

ಮುದುಕಿಯ ಕೈಯಲ್ಲಿದ್ದ ಹಿಟ್ಟು ಪರಾತಕ್ಕೆ ಬಿತ್ತು. ಮೊಮ್ಮಗಳ ಮುಖವನ್ನು ಹಿಟ್ಟಿನ ಕೈಯಲ್ಲೇ ಹಿಡಿದು ತಿರುಗಿಸಿ ನೋಡಿದಳು. ಎಂಟು ತಿಂಗಳ ಮೇಲೆ ಅವಳ ಬಾಯಿಂದ ದಾದಿ ಎಂದು ಕೇಳಿದ್ದಳು. ಸುಳ್ಳು ಹೇಳಿದೆನಲ್ಲ ತಾಯಿ, ನನ್ನ ಬಾಯಿ ಸುಡಲಿ ಅಂದಳು. ನಜಮಾ ಬಂದು ಅತ್ತೆಯ ಬೆನ್ನಿಗೆ ಕೈ ಇಟ್ಟಳು. ಒಂದು ರೊಟ್ಟಿ ಹಂಚಿನ ಮೇಲೆ ಕರಕಲಾಯಿತು, ಯಾರೂ ತೆಗೆಯಲಿಲ್ಲ.

ಆಮೇಲೆ ಮೂವರೂ ಉಣ್ಣಲು ಕೂತರು. ಹುಮಾ ಬಾಯಿ ಮುಚ್ಚಲಿಲ್ಲ. ಅಕ್ಕೋರು ಬೀಜ ಎಣಿಸಲು ಹೋಗಿ ಎಡಗೈಗೂ ಮೂರು ಹಾಕಿದ್ದು, ಪಕ್ಕದ ಹುಡುಗ ನಿದ್ದೆ ಮಾಡಿದ್ದು, ಹದಿನಾರು ತನಗೆ ಬರುತ್ತಿತ್ತು ಆದರೆ ಮೂಗು ಸೋರುತ್ತಿತ್ತು ಎಂದು, ಒಂದರ ಮೇಲೊಂದು. ತುತ್ತು ಬಾಯಲ್ಲೇ ಇತ್ತು. ನುಂಗಿ ಮಾತಾಡೇ ಅಂತ ಬಾನುಬಿ ಗದರಿಸಿದಳು.